ನಾಯಿ–ಬೆಕ್ಕುಗಳಿಗೆ ಲೇಸರ್ ಚಿಕಿತ್ಸೆ: ಜೌಲ್ ಲೆಕ್ಕದಿಂದ ಶುರು ಮಾಡೋಣ

ಮೊದಲು ಎರಡು ಲೇಸರ್‌ಗಳನ್ನು ಬೇರೆಬೇರೆ ಇಟ್ಟುಕೊಳ್ಳಿ. ಆಪರೇಷನ್‌ನಲ್ಲಿ ಅಂಗಾಂಶ ಕತ್ತರಿಸುವ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ತರಂಗಾಂತರ 10,600 ನ್ಯಾನೋಮೀಟರ್. ಜೀವಕೋಶದೊಳಗಿನ ನೀರು ಆ ಬೆಳಕನ್ನು ಹೀರಿ ಆವಿಯಾಗುವುದರಿಂದ ಅಲ್ಲಿ ಕೊಯ್ತ ಬೀಳುತ್ತದೆ. ಈ ಟಿಪ್ಪಣಿ ಅದರ ಬಗ್ಗೆ ಅಲ್ಲ. ನೋವು ಇಳಿಸಲು, ಗಾಯ ಮಾಯಲು ಬಳಸುವ ಬೆಳಕು ಸುಮಾರು 600ರಿಂದ 1,000 ನ್ಯಾನೋಮೀಟರ್ ನಡುವಿನದು. ಪಠ್ಯಗಳಲ್ಲಿ ಇದಕ್ಕೆ ಈಗ ಫೋಟೊಬಯೋಮಾಡ್ಯುಲೇಷನ್ ಎಂದು ಹೆಸರು.

ಆ ವ್ಯಾಪ್ತಿಯೇ ಏಕೆ? 600ಕ್ಕಿಂತ ಕೆಳಗೆ ಹೋದರೆ ರಕ್ತದ ಹಿಮೋಗ್ಲೋಬಿನ್ ಮತ್ತು ಚರ್ಮದ ಮೆಲನಿನ್ ಬೆಳಕನ್ನು ಮೇಲೆಯೇ ನುಂಗಿಬಿಡುತ್ತವೆ. 1,000 ದಾಟಿದರೆ ಅಂಗಾಂಶದ ನೀರು ಆ ಕೆಲಸ ಮಾಡುತ್ತದೆ. ನಡುವಿನ ಬೆಳಕಿಗೆ ಮಾತ್ರ ಒಳಗಿಳಿಯಲು ಸ್ವಲ್ಪ ದಾರಿಯಿದೆ. 650ರ ಆಸುಪಾಸಿನ ಕೆಂಪು ಬೆಳಕು ಚರ್ಮದ ಗಾಯಕ್ಕೆ ಸಾಕು. ಕೀಲು, ಸ್ನಾಯುಗಳಿಗೆ 810, 905, 980ರಂಥ ಅವಕೆಂಪು ಬೆಳಕು ಬೇಕು.

1960ರಲ್ಲಿ ಥಿಯೋಡೋರ್ ಮೈಮನ್ ಮೊದಲ ರೂಬಿ ಲೇಸರ್ ಉರಿಸಿದರು. 1967ರಲ್ಲಿ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್, ಬೆನ್ನು ಬೋಳಿಸಿದ ಇಲಿಗಳ ಮೇಲೆ ದುರ್ಬಲ ರೂಬಿ ಲೇಸರ್ ಹಾಯಿಸಿದಾಗ ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆಯಿತು. ಈ ಚಿಕಿತ್ಸೆಗೆ ಬೀಜ ಬಿದ್ದದ್ದು ಅಲ್ಲಿ. ಪಶುವೈದ್ಯಕೀಯ ಪರೀಕ್ಷೆಗೆ ಇಷ್ಟು ಚರಿತ್ರೆ ಸಾಕು.

ಜೀವಕೋಶದೊಳಗೆ ಏನಾಗುತ್ತದೆ ಎಂಬುದಕ್ಕೆ ಹೆಚ್ಚು ಜನ ಒಪ್ಪುವ ವಿವರಣೆ ಹೀಗಿದೆ. ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಉಸಿರಾಟ ಸರಪಳಿಯ ನಾಲ್ಕನೇ ಸಂಕೀರ್ಣ, ಅಂದರೆ ಸೈಟೊಕ್ರೋಮ್ ಸಿ ಆಕ್ಸಿಡೇಸ್, ಈ ಬೆಳಕನ್ನು ಹೀರುತ್ತದೆ. ನೊಂದ ಜೀವಕೋಶದಲ್ಲಿ ಈ ಕಿಣ್ವಕ್ಕೆ ನೈಟ್ರಿಕ್ ಆಕ್ಸೈಡ್ ಅಂಟಿಕೊಂಡು ಆಮ್ಲಜನಕದ ಜಾಗ ಹಿಡಿದಿರುತ್ತದೆ. ಬೆಳಕು ಬಿದ್ದಾಗ ಅದು ಬಿಟ್ಟುಕೊಂಡು, ಜೀವಕೋಶದ ಇಂಧನವಾದ ಎಟಿಪಿ ತಯಾರಿ ಮತ್ತೆ ಚುರುಕಾಗುತ್ತದೆ. ಬಿಡುಗಡೆಯಾದ ನೈಟ್ರಿಕ್ ಆಕ್ಸೈಡ್ ಸುತ್ತಲಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಊತ ತರುವ ಪ್ರೋಸ್ಟಗ್ಲಾಂಡಿನ್‌ಗಳು ತಗ್ಗುವುದು, ನೋವು ಸಾಗಿಸುವ ನರಗಳ ವೇಗ ಕುಗ್ಗುವುದು ಇದರ ಜೊತೆಗೆ ಕಾಣುವ ಪರಿಣಾಮಗಳು.

ಡೋಸ್

ನಾವು ನಿಜವಾಗಿ ಕುಳಿತು ಓದಬೇಕಾದ ಭಾಗ ಇದು. ಲೇಸರನ್ನು ಔಷಧದಂತೆಯೇ ಅಳೆದು ಕೊಡಬೇಕು. ಅಳತೆ ಜೌಲ್‌ಗಳಲ್ಲಿ: ಒಂದು ವ್ಯಾಟ್ ಅಂದರೆ ಸೆಕೆಂಡಿಗೆ ಒಂದು ಜೌಲ್. ಆ ಜೌಲ್ ಎಷ್ಟು ಚದರ ಸೆಂಟಿಮೀಟರ್‌ಗೆ ಹಂಚಿಹೋಯಿತು ಎಂಬುದೇ ಡೋಸ್. ಮೇಲ್ಮೈ ಗಾಯಕ್ಕೆ ಚದರ ಸೆಂ.ಮೀ.ಗೆ ಕೆಲವೇ ಜೌಲ್ ಸಾಕು. ಆಳದ ಕೀಲಿಗೆ 8–10 ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ, ಏಕೆಂದರೆ ದಾರಿಯಲ್ಲೇ ಬಹುಪಾಲು ಬೆಳಕು ಚದುರಿಹೋಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಹತ್ತು ವರ್ಷದ ಲ್ಯಾಬ್ರಡಾರ್, ಸೊಂಟದ ಕೀಲು ಸವೆದಿದೆ, ಟೈಲ್ಸ್ ನೆಲದಲ್ಲಿ ಏಳುವಾಗ ಹಿಂಗಾಲು ಜಾರುತ್ತದೆ. ಒಂದು ಬದಿಯ ಕೀಲಿನ ಸುತ್ತ 10 × 10 ಸೆಂ.ಮೀ. ಗುರುತಿಸಿದರೆ 100 ಚದರ ಸೆಂ.ಮೀ. ಡೋಸ್ 8 ಜೌಲ್ ಎಂದಿಟ್ಟರೆ ಒಟ್ಟು 800 ಜೌಲ್. 4 ವ್ಯಾಟ್ ಯಂತ್ರದಲ್ಲಿ ಇದು 200 ಸೆಕೆಂಡಿನ ಕೆಲಸ. ಅರ್ಧ ವ್ಯಾಟ್ ಯಂತ್ರದಲ್ಲಾದರೆ 1,600 ಸೆಕೆಂಡ್, ಹತ್ತಿರಹತ್ತಿರ 27 ನಿಮಿಷ, ಅದೂ ಒಂದೇ ಬದಿಗೆ! ಅಷ್ಟು ಹೊತ್ತು ಯಾವ ನಾಯಿ ಮಲಗೀತು? ಲೇಸರ್‌ಗಳ ಸುರಕ್ಷತಾ ವರ್ಗೀಕರಣದಲ್ಲಿ 500 ಮಿಲಿವ್ಯಾಟ್ ಒಳಗಿನ 3ಬಿ ವರ್ಗದ ಯಂತ್ರ ಬಿಟ್ಟು ಅದಕ್ಕೂ ಮೇಲಿನ 4ನೇ ವರ್ಗದ ಯಂತ್ರಕ್ಕೆ ಕ್ಲಿನಿಕ್‌ಗಳು ಹೋಗುವುದಕ್ಕೆ ಈ ಸಮಯವೇ ದೊಡ್ಡ ಕಾರಣ. ಆದರೆ 4ನೇ ವರ್ಗದಲ್ಲಿ ಶಾಖದ ಅಪಾಯವಿದೆ, ಬೆಳಕು ಹೊರಬರುವ ಪ್ರೋಬನ್ನು ಒಂದೆಡೆ ನಿಲ್ಲಿಸದೆ ಆಡಿಸುತ್ತಲೇ ಇರಬೇಕು. ಕಪ್ಪು ಕೂದಲಿನ ನಾಯಿಯಾದರೆ ಶಕ್ತಿ ಇಳಿಸಿ, ಇನ್ನೊಂದು ಕೈಯನ್ನು ಆ ಜಾಗದ ಪಕ್ಕದಲ್ಲೇ ಇಟ್ಟು ಬಿಸಿ ನೋಡುತ್ತಿರಿ. ಸಾಧ್ಯವಾದರೆ ಕೂದಲು ಕತ್ತರಿಸಿ. ಗಾಯಕ್ಕೆ ಹಚ್ಚಿದ ಪೊವಿಡೋನ್ ಅಯೋಡಿನ್, ಮುಲಾಮು ಎಲ್ಲ ಒರೆಸಿದ ಮೇಲೆಯೇ ಬೆಳಕು ಹಿಡಿಯಿರಿ.

ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂಬ ಲೆಕ್ಕ ಇಲ್ಲಿ ನಡೆಯದು. ಕಡಿಮೆ ಡೋಸ್‌ನಲ್ಲಿ ಏನೂ ಆಗದು, ಹದವಾದ ಡೋಸ್‌ನಲ್ಲಿ ಜೀವಕೋಶ ಚುರುಕಾಗುತ್ತದೆ, ಮಿತಿಮೀರಿದರೆ ಅದೇ ಬೆಳಕು ತಡೆಯೊಡ್ಡುತ್ತದೆ. ಆರ್ಂಟ್–ಶುಲ್ಜ್ ನಿಯಮದ ಹೆಸರಿನಲ್ಲಿ ಇದನ್ನು ಕೇಳುತ್ತಾರೆ.

ಪುರಾವೆ ಎಷ್ಟು ಗಟ್ಟಿ?

ಮಾರಾಟಗಾರರ ಕೈಪಿಡಿ ಓದಿದರೆ ಎಲ್ಲ ಕಾಯಿಲೆಗೂ ಲೇಸರೇ ಮದ್ದು. ಅಧ್ಯಯನಗಳು ಹಾಗೆ ಹೇಳುವುದಿಲ್ಲ. ಮೊಣಕೈ ಸಂಧಿವಾತದ 20 ನಾಯಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಜವಾದ ಲೇಸರ್ ಪಡೆದ ಗುಂಪಿನ ಕುಂಟು ಕಡಿಮೆಯಾಯಿತು, ನೋವಿನ ಮಾತ್ರೆಯನ್ನೂ ಇಳಿಸಲು ಸಾಧ್ಯವಾಯಿತು. ಸಂಧಿವಾತಕ್ಕೆ ನನ್ನ ಭರವಸೆ ಹೆಚ್ಚಾಗಿ ನಿಂತಿರುವುದು ಇದರ ಮೇಲೆ, ಸಂಖ್ಯೆ ಸಣ್ಣದಾದರೂ.

ಬೆನ್ನುಹುರಿಯ ಡಿಸ್ಕ್ ಜಾರಿದ ನಾಯಿಗಳ ವಿಷಯ ಮಾತ್ರ ಗೋಜಲು. 2012ರ ಅಧ್ಯಯನದಲ್ಲಿ ಆಪರೇಷನ್ ನಂತರ ಲೇಸರ್ ಪಡೆದವು ಬೇಗ ಎದ್ದು ನಡೆದವು: ಮಧ್ಯಾಂಕ 3.5 ದಿನ, ಉಳಿದವಕ್ಕೆ 14. 2017ರಲ್ಲಿ 32 ನಾಯಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಅಂಥ ವ್ಯತ್ಯಾಸವೇ ಕಾಣಲಿಲ್ಲ. ಚರ್ಮದ ಗಾಯಗಳಲ್ಲೂ ಫಲಿತಾಂಶ ಎರಡೂ ಬಗೆಯಲ್ಲಿದೆ. ತರಂಗಾಂತರ, ಶಕ್ತಿ, ಡೋಸ್ ಒಂದೊಂದು ಕಡೆ ಒಂದೊಂದು ಇರುವಾಗ ಹೋಲಿಸುವುದೂ ಕಷ್ಟ. ಹಾಗಾಗಿ ನೋವಿನ ಮಾತ್ರೆ, ತೂಕ ಇಳಿಸುವುದು, ವ್ಯಾಯಾಮ ಇವುಗಳ ಜೊತೆಗೆ ಲೇಸರ್ ಸೇರಿಸಿ. ಇವನ್ನು ಬಿಡಿಸಿ ಲೇಸರ್ ಒಂದನ್ನೇ ಕೊಟ್ಟರೆ ನೋವು ತಿನ್ನುವುದು ಆ ಮೂಕಪ್ರಾಣಿ.

ಎಲ್ಲಿ ಹಿಡಿಯಬಾರದು

ಕಣ್ಣಿಗೆ ಎಂದೂ ಬೇಡ. ಅವಕೆಂಪು ಬೆಳಕು ಕಾಣಿಸುವುದಿಲ್ಲ, ಕಾಣದಿದ್ದರೆ ರೆಪ್ಪೆ ಮುಚ್ಚುವುದೂ ಇಲ್ಲ, ಅಕ್ಷಿಪಟ ಸುಟ್ಟುಹೋಗುತ್ತದೆ. ಕೋಣೆಯಲ್ಲಿರುವ ಎಲ್ಲರಿಗೂ ಆ ಯಂತ್ರದ ತರಂಗಾಂತರಕ್ಕೇ ಹೊಂದುವ ಕನ್ನಡಕ ಬೇಕು, ಬಿಸಿಲಿನ ಕೂಲಿಂಗ್ ಗ್ಲಾಸ್ ನಡೆಯದು. ನಾಯಿಯ ಕಣ್ಣಿಗೂ ಕನ್ನಡಕ ಅಥವಾ ದಪ್ಪ ಬಟ್ಟೆ. ಉಕ್ಕಿನ ಮೇಜಿನಿಂದಲೂ ಬೆಳಕು ಪ್ರತಿಫಲಿಸುತ್ತದೆ, ಚಾಪೆ ಹಾಸಿ. ಗಡ್ಡೆ ಕ್ಯಾನ್ಸರ್ ಇರಬಹುದೆಂಬ ಅನುಮಾನವಿದ್ದರೆ ಅದರ ಮೇಲೆ ಬೇಡ, ಮೊದಲು ಸೂಜಿ ಹಾಕಿ ಜೀವಕೋಶ ತೆಗೆದು, ಸೂಕ್ಷ್ಮದರ್ಶಕದಡಿ ಸ್ಲೈಡ್ ನೋಡಿ. ಗಬ್ಬದ ಹೊಟ್ಟೆ, ರಕ್ತ ಸುರಿಯುತ್ತಿರುವ ಗಾಯ, ಥೈರಾಯ್ಡ್, ವೃಷಣ ಬಿಟ್ಟುಬಿಡಿ. ಮರಿಗಳ ಎಲುಬು ಬೆಳೆಯುವ ತುದಿಗಳಲ್ಲಿ ಎಚ್ಚರ.

ಹಳೆಯ ಸಂಧಿವಾತಕ್ಕೆ ಸಾಮಾನ್ಯವಾಗಿ ಮೊದಲ ಕೆಲವು ವಾರ ವಾರಕ್ಕೆ ಎರಡು–ಮೂರು ಬಾರಿ ಕೊಟ್ಟು, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ. ಕೇಸ್ ಶೀಟಿನಲ್ಲಿ "ಲೇಸರ್ 10 ನಿಮಿಷ" ಎಂದಷ್ಟೇ ಬರೆದರೆ ಮುಂದಿನ ವೈದ್ಯರಿಗೆ ಏನೂ ತಿಳಿಯದು. ತರಂಗಾಂತರ, ವ್ಯಾಟ್, ಜಾಗದ ಅಳತೆ, ಚದರ ಸೆಂ.ಮೀ.ಗೆ ಎಷ್ಟು ಜೌಲ್, ಒಟ್ಟು ಜೌಲ್, ಆ ದಿನದ ಕುಂಟಿನ ಅಂಕ ಇಷ್ಟನ್ನೂ ಬರೆಯಿರಿ. ಮನೆಯವರಿಗೂ ಒಂದು ಕೆಲಸ ಹೇಳಿ: ಅದೇ ನೆಲದಲ್ಲಿ ನಾಯಿ ಏಳುವುದನ್ನು ವಾರಕ್ಕೊಮ್ಮೆ ಫೋನಿನಲ್ಲಿ ವಿಡಿಯೋ ಮಾಡಿಟ್ಟು, ಬರುವಾಗ ತರಲಿ.