ಪಾಳಿಯ ಲೆಕ್ಕ

ತೊಗರಿ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ, ಚೀಲಗಳ ಮೇಲೆ ಮಲಗಿ ರಾತ್ರಿ ಕಳೆದವರಿಗೆ ಪಾಳಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಎರಡು ವರ್ಷದ ಹಿಂದೆ ಕಲಬುರಗಿ ಸಮೀಪದ ಒಂದು ಕೇಂದ್ರದಲ್ಲಿ ನಾನೂ ನನ್ನ ತಮ್ಮನೂ ಹಾಗೆ ಮಲಗಿದೆವು. ನಮ್ಮ ಚೀಟಿಯ ಸಂಖ್ಯೆ 31. ಬೆಳಿಗ್ಗೆ ಹತ್ತಕ್ಕೆ ನಾವು ತಲುಪಿದಾಗ 19ನೆಯವರ ಮಾಲು ಕಾಟಾಕ್ಕೆ ಏರುತ್ತಿತ್ತು. ಒಬ್ಬರಿಗೆ ಇಪ್ಪತ್ತು ನಿಮಿಷ, ನಮ್ಮ ಮುಂದೆ ಹನ್ನೆರಡು ಜನ, ಮಧ್ಯಾಹ್ನ ಎರಡಕ್ಕೆ ನಮ್ಮದು ಎಂದು ತಮ್ಮ ಬೆರಳು ಮಡಚಿ ಹೇಳಿದ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ 22ನೆಯವರ ಕಾಳಿನಲ್ಲಿ ಮಣ್ಣು, ಕಡ್ಡಿ, ಹೊಟ್ಟು ಎಲ್ಲವೂ ಇತ್ತು. ಜರಡಿ ಹಿಡಿದು ತನ್ನಿ ಎಂದರು. ಅದನ್ನು ಪಕ್ಕಕ್ಕೆ ಸರಿಸಿ ಜರಡಿ ಹಿಡಿಯಲು ಜಾಗವಿರಲಿಲ್ಲ, ಕಾಟಾದ ಬಾಯಲ್ಲೇ ಕುಳಿತು ಹಿಡಿದರು. 25ನೆಯವರ ಕಾಳಿನ ತೇವಾಂಶ ಶೇ 12 ದಾಟಿದೆ ಎಂದು ಜಗಳವಾಯಿತು. ಮೂರು ಸಲ ಯಂತ್ರವಿಟ್ಟು ನೋಡಿದರು. ಸಂಜೆ ಕೇಂದ್ರ ಮುಚ್ಚಿದಾಗ ಸಂಖ್ಯೆ 28. ಸಾಲಿನಲ್ಲಿದ್ದ ಅಷ್ಟೂ ಜನ ಒಂದೇ ಮಾತು ಹೇಳುತ್ತಿದ್ದರು: ಇನ್ನೊಂದು ಕಾಟಾ ಹಚ್ಚಬೇಕು.

ನಾನು ಗಣಿತ ಪಾಠ ಮಾಡಿ ನಿವೃತ್ತನಾದವನು. ಜನವರಿಯ ಚಳಿಯಲ್ಲಿ ನಿದ್ದೆ ಬರಲಿಲ್ಲ. ನಮಗಿಂತ ದೊಡ್ಡ ಪಾಳಿಯಲ್ಲಿ ನಿಲ್ಲುವವರು ಯಾರಿದ್ದಾರೆ ಎಂದು ಮೊಬೈಲಿನಲ್ಲಿ ಹುಡುಕುತ್ತ ಹೋದೆ. ಆ ಹುಡುಕಾಟ ನನ್ನನ್ನು ಮೆಕ್ಸಿಕೊದ ಗಡಿಗೆ ಮುಟ್ಟಿಸಿತು.

ಅಮೆರಿಕದ ಸ್ಯಾನ್ ಡಿಯೇಗೊ ಮತ್ತು ಮೆಕ್ಸಿಕೊದ ಟಿಹುವಾನಾ ನಗರಗಳ ನಡುವೆ ಸ್ಯಾನ್ ಇಸೀಡ್ರೊ ಎಂಬ ಗಡಿ ಠಾಣೆಯಿದೆ. ಅಮೆರಿಕ ಖಂಡಗಳಲ್ಲಿ ಅಷ್ಟು ಜನ ದಾಟುವ ಇನ್ನೊಂದು ಭೂಗಡಿ ಇಲ್ಲ. ವಾಹನಗಳಲ್ಲಿ ಕುಳಿತು ಉತ್ತರಕ್ಕೆ ಹೋಗುವವರೇ ದಿನಕ್ಕೆ ಸುಮಾರು 70,000, ನಡೆದು ದಾಟುವವರು ಸುಮಾರು 20,000. ಸರಕಿನ ಲಾರಿಗಳಿಗೆ ಇಲ್ಲಿ ಪ್ರವೇಶವಿಲ್ಲ. ಅವು ಪೂರ್ವಕ್ಕಿರುವ ಓಟಾಯ್ ಮೇಸಾ ಠಾಣೆಯಿಂದ ಹೋಗುತ್ತವೆ. ಇಲ್ಲಿ ನಿಲ್ಲುವವರು ಮನುಷ್ಯರು ಮಾತ್ರ: ಬಾಡಿಗೆ ಕಡಿಮೆಯೆಂದು ಟಿಹುವಾನಾದಲ್ಲಿ ಮನೆ ಮಾಡಿ ಆಚೆ ಬದಿ ಕೂಲಿಗೆ ಹೋಗುವವರು, ಪುಸ್ತಕದ ಚೀಲ ಹೊತ್ತ ವಿದ್ಯಾರ್ಥಿಗಳು, ಹಬ್ಬಕ್ಕೆ ಬಂದು ಮರಳುವ ನೆಂಟರು. ಎರಡು ಮೂರು ಗಂಟೆ ಕಾಯುವುದು ಅಲ್ಲಿ ಅಪರೂಪವಲ್ಲ. ಕಾರುಗಳ ಸಾಲಿನ ನಡುವೆಯೇ ಕರಿದ ತಿಂಡಿ, ಕಂಬಳಿ, ಪ್ಲಾಸ್ಟರಿನ ಬೊಂಬೆ ಮಾರುವ ಒಂದು ಪೇಟೆಯೇ ಬೆಳೆದಿದೆ. ವಾಡಿ ಜಂಕ್ಷನ್ನಿನಲ್ಲಿ ರೈಲು ತಡವಾದಷ್ಟೂ ಚಹಾ ಮಾರುವವನಿಗೆ ಲಾಭ. ಅಲ್ಲಿಯೂ ಅದೇ ಲೆಕ್ಕ.

ಈ ಠಾಣೆಯನ್ನು ಅಮೆರಿಕ 74.1 ಕೋಟಿ ಡಾಲರ್ ಖರ್ಚು ಮಾಡಿ ಪೂರ್ತಿ ಕೆಡವಿ ಕಟ್ಟಿತು. ಕೆಲಸ ಮುಗಿದದ್ದು 2019ರ ಡಿಸೆಂಬರಿನಲ್ಲಿ. ಮೊದಲು 24 ಇದ್ದ ಕಾರುಗಳ ಸಾಲು 34 ಆಯಿತು. ಆ 34 ಸಾಲುಗಳಲ್ಲಿ ತಪಾಸಣೆಯ ಗೂಡುಗಳು 62. ಅಂದರೆ ಬಹುತೇಕ ಸಾಲುಗಳಲ್ಲಿ ಒಂದರ ಹಿಂದೆ ಒಂದರಂತೆ ಎರಡು ಗೂಡು. ಪಕ್ಕಕ್ಕೆ ಹರಡಲು ಜಾಗವಿಲ್ಲದ ಕಡೆ ಉದ್ದಕ್ಕೆ ಬೆಳೆಸಿದ ಜಾಣತನ ಇದು. ನನ್ನೊಳಗಿನ ಮೇಷ್ಟ್ರು ಎದ್ದು ಕುಳಿತದ್ದು ಇಲ್ಲಿಯೇ.

ಒಂದು ಕಾರಿನ ತಪಾಸಣೆಗೆ ಸರಾಸರಿ ಒಂದು ನಿಮಿಷ ಎಂದಿಟ್ಟುಕೊಳ್ಳಿ. ಒಂದೇ ಗೂಡಿದ್ದಾಗ ಗಂಟೆಗೆ 60 ಕಾರು ದಾಟುತ್ತವೆ. ಎರಡು ಗೂಡಿದ್ದರೆ 120 ಎಂದು ಗುತ್ತಿಗೆದಾರ ಹೇಳಬಹುದು, ಮಂತ್ರಿಯೂ ಹೇಳಬಹುದು. ಆದರೆ ಸರಾಸರಿ ಒಂದು ನಿಮಿಷ ಎಂದರೆ ಎಲ್ಲರಿಗೂ ಒಂದೊಂದು ನಿಮಿಷ ಎಂದಲ್ಲ. ಒಬ್ಬರದು ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ, ಇನ್ನೊಬ್ಬರ ಡಿಕ್ಕಿ ತೆರೆಸಿ ಮೂರು ನಿಮಿಷ ನೋಡುತ್ತಾರೆ. ಹಿಂದಿನ ಗೂಡಿನ ಕಾರು ಬೇಗ ಮುಗಿಸಿದರೆ ಮುಂದಿನದು ದಾರಿ ಬಿಡುವವರೆಗೆ ನಿಂತಿರಬೇಕು. ಮುಂದಿನದು ಬೇಗ ಮುಗಿಸಿ ಹೊರಟರೆ ಆ ಗೂಡು ಖಾಲಿ ಕೂರಬೇಕು, ಏಕೆಂದರೆ ಹೊಸ ಕಾರು ಹಿಂದಿನದನ್ನು ಹಾರಿ ಬರಲಾರದು. ಹೇಗೆ ನೋಡಿದರೂ ಜೋಡಿಯ ವೇಗವನ್ನು ನಿರ್ಧರಿಸುವುದು ಇಬ್ಬರಲ್ಲಿ ತಡವಾದವರು. ಇಂಥ ಏರುಪೇರಿಗೆ ಗಣಿತದಲ್ಲಿ ಸಾಮಾನ್ಯವಾಗಿ ಬಳಸುವ ಘಾತೀಯ ವಿತರಣೆಯನ್ನು ಹಿಡಿದು ಲೆಕ್ಕ ಹಾಕಿದರೆ, ತಡವಾದವರ ಸರಾಸರಿ ಒಂದೂವರೆ ನಿಮಿಷ ಬರುತ್ತದೆ. ಒಂದೂವರೆ ನಿಮಿಷಕ್ಕೆ ಎರಡು ಕಾರು, ಗಂಟೆಗೆ 80. ಗೂಡು ದುಪ್ಪಟ್ಟು, ಸಿಬ್ಬಂದಿ ದುಪ್ಪಟ್ಟು, ದಾಟುವ ಕಾರು ಮೂರನೆಯ ಒಂದು ಪಾಲಿನಷ್ಟೇ ಹೆಚ್ಚು. ಇದು ಕಾಗದದ ಮೇಲಿನ ಲೆಕ್ಕ. ನಿಜವಾದ ಠಾಣೆಯಲ್ಲಿ ಅಂಕಿ ಸ್ವಲ್ಪ ಆಚೀಚೆ ಆದೀತು. ಆದರೆ ಎರಡು ಎರಡಲ್ಲ ಎಂಬುದು ಮಾತ್ರ ಬದಲಾಗದು. ನಮ್ಮ ಕೇಂದ್ರದ 22ನೆಯವರು ನೆನಪಾದರು.

ಪಾಳಿಗೂ ಒಂದು ಶಾಸ್ತ್ರವಿದೆ. ಅದು ಹುಟ್ಟಿದ್ದು ಗಡಿಯಲ್ಲಲ್ಲ, ಟೆಲಿಫೋನ್ ಕಚೇರಿಯಲ್ಲಿ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ 1909ರಲ್ಲಿ ಇದರ ಮೊದಲ ಪ್ರಬಂಧ ಬರೆದ. ಇಷ್ಟು ಜನ ಕರೆ ಮಾಡಿದರೆ ಎಷ್ಟು ತಂತಿ ಬೇಕು ಎಂಬುದು ಅವನ ತಲೆನೋವಾಗಿತ್ತು. ಸರಾಸರಿ ಕಾಯುವ ಸಮಯಕ್ಕೂ ಸಾಲಿನ ಉದ್ದಕ್ಕೂ ಇರುವ ನೇರ ಸಂಬಂಧವನ್ನು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದರು. ನನ್ನ ತಮ್ಮ ಬೆರಳು ಮಡಚಿ ಮಾಡಿದ್ದು ಹೆಚ್ಚು ಕಡಿಮೆ ಅದೇ ಗುಣಾಕಾರ. ಅವನ ಸೂತ್ರದಲ್ಲಿ ತಪ್ಪಿರಲಿಲ್ಲ, ಇಪ್ಪತ್ತು ನಿಮಿಷ ಎಂಬ ಅಂಕಿಯಲ್ಲಿತ್ತು.

ಈ ಶಾಸ್ತ್ರದಲ್ಲಿ ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಹುಡುಗರು ನಂಬದಿದ್ದ ಒಂದು ಅಂಶವಿದೆ. ಒಂದೇ ಗೂಡು, ತಪಾಸಣೆಗೆ ಸರಾಸರಿ ಒಂದು ನಿಮಿಷ, ಬರುವವರು ಮನಬಂದ ಹೊತ್ತಿಗೆ ಬರುತ್ತಾರೆ. ಗೂಡಿನ ಸಾಮರ್ಥ್ಯದ ಶೇ 80ರಷ್ಟು ಜನ ಬಂದರೆ ಸಾಲಿನಲ್ಲಿ ಸರಾಸರಿ 4 ನಿಮಿಷ ಕಾಯಬೇಕು. ಶೇ 90 ಆದರೆ 9 ನಿಮಿಷ. ಶೇ 95ಕ್ಕೆ 19 ನಿಮಿಷ. ಶೇ 98ಕ್ಕೆ 49 ನಿಮಿಷ. ಜನ ಹೆಚ್ಚಿದ್ದು ಅಷ್ಟಿಷ್ಟು, ಕಾಯುವುದು ಹನ್ನೆರಡು ಪಟ್ಟು. ಸಾಲಿನ ಉದ್ದವನ್ನು ತೀರ್ಮಾನಿಸುವುದು ಗೂಡು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕಿಂತ ಎಷ್ಟು ಹೊತ್ತು ಸುಮ್ಮನೆ ಕೂರುತ್ತದೆ ಎಂಬುದು. ಲೆಕ್ಕಪರಿಶೋಧಕರಿಗೆ ಈ ಮಾತು ಹಿಡಿಸುವುದಿಲ್ಲ. ಸುಮ್ಮನೆ ಕುಳಿತ ಸಿಬ್ಬಂದಿ ಅವರ ಕಣ್ಣಿಗೆ ದಂಡ. ಸಾಲಿನಲ್ಲಿ ನಿಂತವನ ಮಟ್ಟಿಗೆ ಆ ಬಿಡುವೇ ಅವನ ಪಾಳಿಯನ್ನು ಹತ್ತಿರ ತರುವಂಥದ್ದು. ಗೂಡುಗಳು ಹೆಚ್ಚಿದಂತೆ ಈ ಅಂಕಿಗಳು ಇಳಿಯುತ್ತವೆ, ನಿಜ. ಆದರೆ ಸಾಮರ್ಥ್ಯದ ಅಂಚಿಗೆ ಹೋದಂತೆ ಸಾಲು ಒಮ್ಮೆಲೇ ಚಿಗಿಯುವುದು ತಪ್ಪುವುದಿಲ್ಲ.

ಹಾಗಾದರೆ ಅಂಚಿಗೆ ಹೋಗದಷ್ಟು ಗೂಡು ಕಟ್ಟಿದರಾಯಿತಲ್ಲ? ಟಿಹುವಾನಾದಿಂದ ಕೆಲಸಕ್ಕೆ ಹೋಗುವವನ ಬೆಳಗನ್ನು ನೋಡೋಣ. ಗಂಟೆಗೆ 1,200 ಕಾರು ದಾಟಬಲ್ಲ ಠಾಣೆಗೆ ಬೆಳಗಿನ ಮೂರು ಗಂಟೆಯ ಅವಧಿಯಲ್ಲಿ ಗಂಟೆಗೆ 1,500 ಕಾರು ಬಂದರೆ, ಕೊನೆಗೆ 900 ಕಾರು ಉಳಿಯುತ್ತವೆ. ಹಿಂದೆ ನಿಂತವನಿಗೆ 45 ನಿಮಿಷ. (ಈ ಅಂಕಿಗಳು ನನ್ನ ಊಹೆಯ ಠಾಣೆಯವು, ಸ್ಯಾನ್ ಇಸೀಡ್ರೊದವಲ್ಲ.) ಸಾಮರ್ಥ್ಯವನ್ನು 1,500ಕ್ಕೆ ಏರಿಸಿ, ಸಾಲು ಮಾಯವಾಗುತ್ತದೆ. ಮಾಯವಾದ ಸುದ್ದಿ ಊರಿಗೆಲ್ಲ ಹರಡುತ್ತದೆ. ಇದುವರೆಗೆ ಸಾಲಿಗೆ ಹೆದರಿ ನಸುಕಿನ ನಾಲ್ಕಕ್ಕೇ ಏಳುತ್ತಿದ್ದವರು ಇನ್ನೊಂದು ತಾಸು ಮಲಗುತ್ತಾರೆ. ಓಟಾಯ್ ಮೇಸಾಕ್ಕೆ ಸುತ್ತು ಹಾಕುತ್ತಿದ್ದವರು ಇತ್ತ ಬರುತ್ತಾರೆ. ವಾರಕ್ಕೊಮ್ಮೆ ಹೋಗುತ್ತಿದ್ದವರು ಎರಡು ಸಲ ಹೋಗುತ್ತಾರೆ. ಎಲ್ಲರಿಗೂ ಬೇಕಾದ ಆರು ಗಂಟೆಯ ಸುತ್ತ ಮತ್ತೆ ಸಾಲು ಬೆಳೆಯುತ್ತದೆ. ಬೇಕಾದ ಹೊತ್ತಿನ ಸುತ್ತ ಸಾಲು ಹೀಗೆ ಬೆಳೆಯುವುದನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1969ರಲ್ಲಿ ಸೂತ್ರಬದ್ಧವಾಗಿ ಬರೆದರು. 1996ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾಯಿತು. ಮೂರೇ ದಿನದಲ್ಲಿ ತೀರಿಕೊಂಡರು. ಕಾಯುವಿಕೆಯ ಬಗ್ಗೆ ಬರೆದವರಿಗೆ ಪಾಳಿ ಬಂದದ್ದು ಹಾಗೆ.

ಹಾಗೆಂದು ಆ ಖರ್ಚು ದಂಡ ಎಂದು ನಾನು ಹೇಳುವುದಿಲ್ಲ. ಒಂದು ತಾಸು ಹೆಚ್ಚು ಮಲಗಿದವನಿಗೆ ಆ ನಿದ್ದೆ ಲಾಭವೇ. ಅದು ಸಾಲಿನ ಉದ್ದ ಅಳೆಯುವವರ ಪಟ್ಟಿಗೆ ಸಿಗುವುದಿಲ್ಲ, ಅಷ್ಟೇ.

ಕಟ್ಟುವ ವರ್ಷಗಳಲ್ಲಿ ಪ್ರಯಾಣಿಕರು ಪಟ್ಟ ಪಾಡು ಬೇರೆಯದೇ ಕಥೆ. ದಿನವೂ ಅಷ್ಟು ಜನ ದಾಟುವ ಬಾಗಿಲನ್ನು ಮುಚ್ಚದೆಯೇ ಕೆಡವಿ ಕಟ್ಟಬೇಕು; ಒಲೆ ಉರಿಯುತ್ತಿರುವಾಗಲೇ ಒಲೆಯ ಗುಂಡು ಬದಲಿಸಿದಂತೆ. 2011ರ ಸೆಪ್ಟೆಂಬರಿನಲ್ಲಿ ಚಾವಣಿಯ ಕೆಲಸಕ್ಕೆ ಕಟ್ಟಿದ್ದ ಸಾರುವೆ ಕುಸಿದು ಸಾಲಿನಲ್ಲಿ ನಿಂತ ಕಾರುಗಳ ಮೇಲೆ ಬಿತ್ತು, ಹಲವರಿಗೆ ಗಾಯವಾಯಿತು. 2012ರಲ್ಲಿ ಮೆಕ್ಸಿಕೊ ತನ್ನ ಬದಿಯ ಬಾಗಿಲನ್ನು ಪಶ್ಚಿಮಕ್ಕೆ, ಎಲ್ ಚಾಪರಾಲ್ ಎಂಬಲ್ಲಿಗೆ ಸರಿಸಿತು. ಅಮೆರಿಕದ ಹೆದ್ದಾರಿಯನ್ನೂ ಅತ್ತ ತಿರುಗಿಸಬೇಕಾಯಿತು. 2017ರ ಸೆಪ್ಟೆಂಬರಿನ ಒಂದು ವಾರಾಂತ್ಯದಲ್ಲಿ ದಕ್ಷಿಣಕ್ಕೆ ಹೋಗುವ ಕಾರುಗಳ ದಾರಿಯನ್ನು ಬರೋಬ್ಬರಿ 57 ಗಂಟೆ ಮುಚ್ಚುವುದಾಗಿ ಪ್ರಕಟಿಸಿದರು.

ನಡೆದು ದಾಟುವವರನ್ನು ನಾನು ಹೆಚ್ಚು ಯೋಚಿಸಿದೆ. ಕಾರಿನವನು ಕನಿಷ್ಠ ಕುಳಿತಿರುತ್ತಾನೆ. ಎಂಜಿನ್ ಆರಿಸದೆ ತೆವಳುವ ಸಾವಿರಾರು ಕಾರು, ಬಸ್ಸುಗಳ ಪಕ್ಕದಲ್ಲಿ ನಿಂತವನು ಅವುಗಳ ಹೊಗೆಯನ್ನು ಕುಡಿಯುತ್ತ ನಿಂತಿರುತ್ತಾನೆ. ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪಾದಚಾರಿಗಳನ್ನು ಅಳೆದು ನೋಡಿದ್ದಾರೆ. ಡೀಸೆಲ್ ಹೊಗೆಯ ಗುರುತಾಗಿ ಬಳಸುವ ನೈಟ್ರೋಪೈರೀನ್ ಎಂಬ ರಾಸಾಯನಿಕ, ಗಡಿ ದಾಟದವರಿಗಿಂತ ದಾಟುವವರಿಗೆ ಹೆಚ್ಚು ತಗಲುತ್ತಿತ್ತು. ನಿಮಿಷ ಎಣಿಸುವವರ ಪುಸ್ತಕದಲ್ಲಿ ಕಾರಿನೊಳಗಿನ ಹತ್ತು ನಿಮಿಷ ಮತ್ತು ಹೊಗೆಯೊಳಗಿನ ಹತ್ತು ನಿಮಿಷ ಒಂದೇ. ಶ್ವಾಸಕೋಶ ಬೇರೆ ಪುಸ್ತಕ ಇಟ್ಟಿರುತ್ತದೆ.

ಈ ಪಾದಚಾರಿಗಳಿಗಾಗಿ ಪಶ್ಚಿಮದ ಬದಿಯಲ್ಲಿ ಒಂದು ಹೊಸ ದಾರಿಯನ್ನೇ ಕಟ್ಟಿದರು. ಅದು 2016ರ ಜುಲೈಯಲ್ಲಿ ತೆರೆಯಿತು, 2020ರಲ್ಲಿ ಕೋವಿಡ್ ಬಂದಾಗ ಮುಚ್ಚಿತು, 2023ರ ಜನವರಿಯವರೆಗೆ ಮುಚ್ಚಿಯೇ ಇತ್ತು. ಕಟ್ಟಡ ಹೊಸದು, ಬಾಗಿಲು ಹೊಸದು, ಒಳಗೆ ಯಾರೂ ಇಲ್ಲ. ಎರ್ಲಾಂಗನ ಸೂತ್ರದಲ್ಲಿ ಗೂಡು ಎಂದರೆ ಗಾಜು ಸಿಮೆಂಟಿನ ಪೆಟ್ಟಿಗೆಯಲ್ಲ, ಅದರಲ್ಲಿ ಕುಳಿತ ಮನುಷ್ಯ.

ಸಾಲನ್ನು ಕರಗಿಸಲು ಇನ್ನೊಂದು ದಾರಿಯಿದೆ: ಏರುಪೇರನ್ನು ಸವರುವುದು. ಸ್ಯಾನ್ ಇಸೀಡ್ರೊದಲ್ಲಿ ಮುಂಚಿತವಾಗಿ ಹಿನ್ನೆಲೆ ತಪಾಸಣೆ ಮಾಡಿಸಿಕೊಂಡವರಿಗೆ ಬೇರೆ ಸಾಲು. ರೇಡಿಯೊ ಚಿಪ್ ಇರುವ ಗುರುತಿನ ಚೀಟಿ ಉಳ್ಳವರಿಗೆ ಇನ್ನೊಂದು. ಗೂಡನ್ನು ತಲುಪುವಷ್ಟರಲ್ಲಿ ಅಧಿಕಾರಿಯ ಪರದೆಯ ಮೇಲೆ ವಿವರ ಮೂಡಿರುತ್ತದೆ. ಅನುಮಾನ ಬಂದವರನ್ನು ಗೂಡಿನ ಮುಂದೆ ನಿಲ್ಲಿಸಿಕೊಳ್ಳದೆ ಎರಡನೆಯ ತಪಾಸಣೆಗೆ ಪಕ್ಕಕ್ಕೆ ಕಳಿಸುತ್ತಾರೆ. ನಮ್ಮ ಕೇಂದ್ರದಲ್ಲಿ ಇಲ್ಲದ್ದು ಈ ಪಕ್ಕದ ಜಾಗವೇ. ನಮ್ಮ ಹೆದ್ದಾರಿಗಳಲ್ಲಿ 2021ರ ಫೆಬ್ರುವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಮಾಡಿದ್ದೂ ಇದನ್ನೇ. ಟೋಲಿನಲ್ಲಿ ತಡವಾಗುತ್ತಿದ್ದುದು ಹಣ ಕೊಡುವುದಕ್ಕಲ್ಲ, ಐನೂರರ ನೋಟಿಗೆ ಚಿಲ್ಲರೆ ಹುಡುಕುವುದಕ್ಕೆ.

ಗಡಿ, ನಾಕಾ ಎಲ್ಲ ನಮಗೇಕೆ ಎಂದು ಕಲಬುರಗಿಯವರು ಕೇಳುವಂತಿಲ್ಲ. 1948ರವರೆಗೆ ನಾವಿದ್ದದ್ದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ, ಸೊಲ್ಲಾಪುರವಿದ್ದದ್ದು 1947ರವರೆಗೆ ಬ್ರಿಟಿಷರ ಕೈಯಲ್ಲಿ. ಸಂಸ್ಥಾನಕ್ಕೆ ತನ್ನದೇ ಸುಂಕದ ಇಲಾಖೆಯಿತ್ತು, ಹೆಸರು ಕರೋಡಗಿರಿ. ನಾಣ್ಯವೂ ಬೇರೆ: ನಿಜಾಮರ ಏಳು ಹಾಲಿ ಸಿಕ್ಕಾ ಕೊಟ್ಟರೆ ಬ್ರಿಟಿಷರ ಆರು ಕಲದಾರ ರೂಪಾಯಿ. ಸೊಲ್ಲಾಪುರದಲ್ಲಿ ಸೀರೆ ಕೊಂಡು ತರುವವರೂ ಒಂದು ಗಡಿ ದಾಟಿಯೇ ಬರಬೇಕಿತ್ತು. ಆ ನಾಕಾ ಹೋಯಿತು. ಆಮೇಲೆ ಬೀದರ ಜಿಲ್ಲೆಯ ಹುಮನಾಬಾದ್ ಮೇಲೆ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ರಾಜ್ಯಗಳ ತೆರಿಗೆ ತಪಾಸಣೆಗೆ ಲಾರಿಗಳು ನಿಲ್ಲುವುದನ್ನು ನಾನೇ ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಮಾರಾಟ ತೆರಿಗೆಯ ಆ ಠಾಣೆಗಳು ಎದ್ದುಹೋದವು. ಹೊಸ ಗೂಡು ಕಟ್ಟದೆ ಸಾಲು ಕರಗಿದ ಉದಾಹರಣೆ ಬೇಕಿದ್ದರೆ ಇದು. ಎರಡು ದೇಶಗಳ ನಡುವೆ ಹಾಗೆ ಆಗುವುದು ಅಪರೂಪ. ಬಾಂಗ್ಲಾದೇಶದ ಗಡಿಯ ಪೆಟ್ರಾಪೋಲ್‌ನಲ್ಲಿ ನಮ್ಮ ಸರ್ಕಾರವೂ 2024ರಲ್ಲಿ ಹೊಸ ಪ್ರಯಾಣಿಕರ ಟರ್ಮಿನಲ್ ಕಟ್ಟಿ ತೆರೆದಿದೆ.

ಮರುವರ್ಷ ಅದೇ ಖರೀದಿ ಕೇಂದ್ರಕ್ಕೆ ಹೋದೆವು. ರೈತರ ಕೂಗು ಯಾರಿಗೋ ಕೇಳಿತ್ತು. ಎರಡನೆಯ ಕಾಟಾ ಬಂದಿತ್ತು. ಚೀಟಿಯ ಸಂಖ್ಯೆ 40, ಆದರೂ ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ನಮ್ಮ ಮಾಲು ತೂಗಿದರು. ತಮ್ಮ ನನ್ನತ್ತ ತಿರುಗಿ, "ನೋಡು ಅಣ್ಣ, ನಿನ್ನ ಮೆಕ್ಸಿಕೊದ ಲೆಕ್ಕ ಇಲ್ಲಿ ನಡೆಯಲಿಲ್ಲ" ಎಂದ. ತೂಗಿದ ಚೀಲಗಳ ಬಾಯಿ ಹೊಲಿಸಲು ಅವುಗಳನ್ನು ಮುಂದಿನ ಕಟ್ಟೆಗೆ ಒಯ್ದೆವು. ಅಲ್ಲಿ ಇಪ್ಪತ್ತೆರಡು ರೈತರು ತಮ್ಮ ತಮ್ಮ ಚೀಲಗಳ ಮೇಲೆ ಕುಳಿತಿದ್ದರು. ಹೊಲಿಗೆ ಯಂತ್ರ ಒಂದೇ ಇತ್ತು. ಅದರ ದಾರ ಮುಗಿದಿದೆ, ತರಲು ಹಮಾಲನೊಬ್ಬ ಪೇಟೆಗೆ ಹೋಗಿದ್ದಾನೆ ಎಂದರು.