ಚೀಸ್ ಜಗಳದಲ್ಲಿ ಮರೆಯಾದ ಬ್ರೆಡ್

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಳ್ಳೆಯ ಚೀಸ್‌ಸ್ಟೀಕ್, ಅಂದರೆ ಉದ್ದನೆಯ ಬ್ರೆಡ್ಡಿನೊಳಗೆ ಗೋಮಾಂಸದ ಚೂರು, ಚೀಸ್ ತುಂಬಿದ ತಿನಿಸು, ಎಲ್ಲಿ ಸಿಗುತ್ತದೆ ಎಂದು ಹತ್ತು ಜನರನ್ನು ಕೇಳಿದರೆ ಹತ್ತು ಅಂಗಡಿಗಳ ಹೆಸರು ಬರುತ್ತದೆ. ಯಾವ ಚೀಸ್ ಹಾಕಿದ್ದು ಅಸಲಿ ಎಂದು ಕೇಳಿದರಂತೂ ಮಾತು ಜಗಳಕ್ಕೇ ತಿರುಗುತ್ತದೆ. ಆದರೆ ಈ ತಿನಿಸು ಹುಟ್ಟಿದಾಗ ಅದರಲ್ಲಿ ಚೀಸ್ ಇರಲೇ ಇಲ್ಲ.

1930ರಲ್ಲಿ ಇಟಾಲಿಯನ್ ಮಾರುಕಟ್ಟೆಯ ಬಳಿ ಹಾಟ್‌ಡಾಗ್ ಮಾರುತ್ತಿದ್ದ ಪ್ಯಾಟ್ ಮತ್ತು ಹ್ಯಾರಿ ಒಲಿವಿಯೇರಿ ಸಹೋದರರು ತಮ್ಮ ಹಸಿವಿಗೆಂದು ಗೋಮಾಂಸದ ಚೂರುಗಳನ್ನು ಈರುಳ್ಳಿಯ ಜೊತೆ ಬೇಯಿಸಿ ಉದ್ದನೆಯ ಬ್ರೆಡ್ ರೋಲ್‌ನಲ್ಲಿ ತುಂಬಿದರು. ಘಮಕ್ಕೆ ಮನಸೋತ ಟ್ಯಾಕ್ಸಿ ಚಾಲಕನೊಬ್ಬ ತನಗೂ ಅದೇ ಬೇಕೆಂದ ಎಂಬುದು ಅವರ ಮನೆಯವರು ಹೇಳಿಕೊಂಡು ಬಂದ ಕಥೆ. 1940ರ ದಶಕದಲ್ಲಿ ಅವರದೇ ಇನ್ನೊಂದು ಮಳಿಗೆಯಲ್ಲಿ ಪ್ರೊವೊಲೋನ್ ಚೀಸ್ ಸೇರಿತು. 1966ರಲ್ಲಿ ಸಹೋದರರ ಮೂಲ ಅಂಗಡಿ ಪ್ಯಾಟ್ಸ್ ಎದುರಿಗೇ ಪ್ರತಿಸ್ಪರ್ಧಿ ಜೀನೋಸ್ ಬಾಗಿಲು ತೆರೆಯಿತು.

ಗೊಂದಲ ಶುರುವಾದದ್ದು ಕ್ರಾಫ್ಟ್ ಕಂಪನಿಯ ಚೀಜ್ ವಿಜ್ ಎಂಬ ಸಾಸ್‌ನಂಥ ಸಂಸ್ಕರಿತ ಚೀಸ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಮೇಲೆ. ಕರಗಿಸಲು ಕಾಯಬೇಕಿಲ್ಲ, ಸೌಟಿನಲ್ಲಿ ಎತ್ತಿ ಸುರಿದರಾಯಿತು. ಸಾಲು ಬೆಳೆದಷ್ಟೂ ಅದರ ಅನುಕೂಲ ಹೆಚ್ಚಿತು. ಆ ವೇಗಕ್ಕೆ ತಕ್ಕಂತೆ ಮಾತೂ ಮೊಟಕಾಯಿತು: ‘ವಿಜ್ ವಿಟ್’ ಎಂದರೆ ಚೀಜ್ ವಿಜ್, ಈರುಳ್ಳಿ ಸಹಿತ, ‘ವಿಟೌಟ್’ ಎಂದರೆ ಈರುಳ್ಳಿ ಬೇಡ. ಅವಸರಕ್ಕೆ ಬಂದದ್ದು ಕ್ರಮೇಣ ಸಂಪ್ರದಾಯದ ಪಟ್ಟವೇರಿತು. 2003ರಲ್ಲಿ ಅಧ್ಯಕ್ಷೀಯ ಚುನಾವಣೆಯ ಪ್ರಚಾರಕ್ಕೆ ಬಂದ ಜಾನ್ ಕೆರ್ರಿ ಪ್ಯಾಟ್ಸ್‌ನಲ್ಲಿ ಸ್ವಿಸ್ ಚೀಸ್ ಕೇಳಿದ್ದು ರಾಷ್ಟ್ರೀಯ ಸುದ್ದಿಯಾಯಿತು. ಪ್ರೊವೊಲೋನ್‌ಗೆ ವಿಜ್‌ಗಿಂತ ಹಳೆಯ ಹಕ್ಕಿದೆ ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ.

ಕಾವಲಿಯ ಮುಂದೆ ನಿಂತು ನೋಡಿದರೆ ಹಾಳೆ ಚೀಸ್‌ಗೂ ವಿಜ್‌ಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ತೆಳುವಾಗಿ ಸೀಳಿದ ರಿಬ್‌ಐ (ಪಕ್ಕೆಲುಬಿನ ಭಾಗದ) ಮಾಂಸ ಚುರುಗುಟ್ಟುತ್ತದೆ. ಅದರ ಮೇಲೆ ಚೀಸ್ ಹಾಳೆಗಳು, ಅವುಗಳ ಮೇಲೆ ಸೀಳಿದ ರೋಲ್ ಬೋರಲು. ಅರೆಕ್ಷಣ ಆವಿ ಹಿಡಿದ ಮೇಲೆ ಸಟ್ಟುಗ ಅಡಿಗೆ ಹೋಗಿ ಎಲ್ಲವನ್ನೂ ಒಮ್ಮೆಗೇ ಮಗುಚುತ್ತದೆ. ಚೀಸ್ ಮಾಂಸದೊಳಗೆ ಇಳಿದಿರುತ್ತದೆ. ಮೇಲೆ ಸುರಿದ ವಿಜ್‌ಗೆ ಈ ಬೆರಕೆ ಬರುವುದಿಲ್ಲ.

ಇಷ್ಟೆಲ್ಲವನ್ನೂ ಹೊರುವುದು ರೋಲ್. ತೀರಾ ಮೆತ್ತಗಿದ್ದರೆ ರಸ ಹೀರಿ ಕೈಯಲ್ಲೇ ಕುಸಿಯುತ್ತದೆ, ತೀರಾ ಗಟ್ಟಿಯಿದ್ದರೆ ಕಚ್ಚಿದಾಗ ಮಾಂಸ ಹಿಂದಿನಿಂದ ಜಾರುತ್ತದೆ. ಮೊದಲ ಸಲ ಹೋಗುವವರು ಪ್ಯಾಟ್ಸ್ ಮತ್ತು ಜೀನೋಸ್ ಎದುರುಬದುರಾಗಿರುವ ಆ ಮೂಲೆಯನ್ನು ನೋಡಲೇಬೇಕು, ಇತಿಹಾಸ ಅಲ್ಲಿದೆ. ಹೊಟ್ಟೆಗಾದರೆ ನನ್ನ ಆಯ್ಕೆ ಬೇರೆ. ನಗರದ ರಾಕ್ಸ್‌ಬರೋ ಬಡಾವಣೆಯ ಡಲೆಸ್ಸಾಂಡ್ರೋಸ್‌ನಲ್ಲಿ ಮಾಂಸವನ್ನು ಸಣ್ಣಗೆ ಕೊಚ್ಚುತ್ತಾರೆ, ಪ್ರತಿ ತುತ್ತಿಗೂ ಈರುಳ್ಳಿ ಸಿಗುತ್ತದೆ. ಜಾನ್ಸ್ ರೋಸ್ಟ್ ಪೋರ್ಕ್‌ನಲ್ಲಿ ಎಳ್ಳು ಅಂಟಿದ ಗರಿಗರಿ ರೋಲ್ ಇದೆ. ಏಂಜಲೋಸ್‌ನಲ್ಲಂತೂ ರೋಲ್‌ಗಳನ್ನು ತಾವೇ ಸುಡುತ್ತಾರೆ. ಅಲ್ಲಿ ಸಾಲು ಉದ್ದವಿದ್ದರೂ ನಿಲ್ಲಿ; ಕಾಗದ ಬಿಚ್ಚಿದಾಗ ಮೊದಲು ಮೂಗಿಗೆ ಬಡಿಯುವುದು ಹೊಸದಾಗಿ ಬೆಂದ ಹಿಟ್ಟಿನ ವಾಸನೆ.