‘ಬಂಜಿ ಬೇನೆ’ ಅರ್ಥವಾಗದ ವಿದ್ಯಾರ್ಥಿಗೆ ಅಂಕ ಎಲ್ಲಿಂದ ಬರಬೇಕು?

ಪುಸ್ತಕದ ಪರೀಕ್ಷೆಯಲ್ಲಿ ಮುಂದಿರುವ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳು ರೋಗಿಯ ಮುಂದೆ ಯಾಕೆ ತಡವರಿಸುತ್ತಾರೆ? ಮಂಗಳೂರಿನ ಸರ್ಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಅಜ್ಜಿಯೊಬ್ಬರು "ಬಂಜಿ ಬೇನೆ" ಅನ್ನುತ್ತಾರೆ. ಹೊಟ್ಟೆನೋವು ಅಂತ ತುಳು ಬಲ್ಲವರಿಗೆ ಗೊತ್ತು. ದೆಹಲಿಯಿಂದ ಬಂದ ವಿದ್ಯಾರ್ಥಿಗೆ? ನೋವು ಯಾವಾಗ ಶುರುವಾಯಿತು, ಊಟವಾದ ಮೇಲೆ ಜಾಸ್ತಿಯಾಗುತ್ತದಾ ಎಂದೆಲ್ಲ ಕೇಳಿದರೆ ತಾನೇ ಹಿಸ್ಟರಿ, ಅಂದರೆ ಕಾಯಿಲೆಯ ಪೂರ್ವಕಥೆ, ಸಿಗುವುದು? ಅದೇ ಸಿಗದಿದ್ದರೆ ರೋಗಿಯ ಬಗ್ಗೆ ಅಧ್ಯಾಪಕರ ಮುಂದೆ ಒಪ್ಪಿಸುವ ಕೇಸ್ ಪ್ರೆಸೆಂಟೇಷನ್ ಕುಸಿಯುತ್ತದೆ, ಅಂಕವೂ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಪಾಠ ಒಂದು ಕಡೆ, ರೋಗಿ ಒಂದು ಕಡೆ ಎಂಬುದು ಶುರುವಿನಿಂದಲೂ ಇತ್ತು. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದಾಗ ಅಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ. ಮೊದಲ ಹಂತದ ಪಾಠ ಮುಗಿಸಿದ ವಿದ್ಯಾರ್ಥಿಗಳು ರೋಗಿಗಳನ್ನು ನೋಡಲು ಮಂಗಳೂರಿಗೆ ಬರಬೇಕಿತ್ತು. 1848ರಷ್ಟು ಹಳೆಯ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಬಾಗಿಲು ಅವರಿಗೆ 1955ರಲ್ಲಿ ತೆರೆಯಿತು. ಖಾಸಗಿ ಕಾಲೇಜಿನವರು ಸರ್ಕಾರಿ ವಾರ್ಡಿನಲ್ಲಿ ಕಲಿಯುವುದು ಆ ಕಾಲಕ್ಕೆ ಹೊಸದು. ಮಣಿಪಾಲಕ್ಕೆ ತನ್ನದೇ ಆಸ್ಪತ್ರೆ ಬಂದಿದ್ದು 1961ರಲ್ಲಿ.

ಊರಿನ ದೂರ ಕಡಿಮೆಯಾಯಿತು. ಪಠ್ಯಕ್ರಮದ ದೂರ ಹಾಗೇ ಉಳಿಯಿತು. ಮೊದಲು ಪುಸ್ತಕ, ಆಮೇಲೆ ವಾರ್ಡು. ಪುಸ್ತಕದಲ್ಲಿ ಮುಂದಿದ್ದ ಹುಡುಗ ವಾರ್ಡಿನ ಕಲಿಕೆಯ ಮೊದಲ ಪೋಸ್ಟಿಂಗ್‌ನಲ್ಲಿ ತಡವರಿಸುತ್ತಿದ್ದ. 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮ ಮೊದಲ ವರ್ಷದಲ್ಲೇ ಆಸ್ಪತ್ರೆಯ ಪರಿಚಯ ಮಾಡಿಸಲು ಹೊರಟಿತು. ಶುರುವಿನ ಫೌಂಡೇಷನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಗೂ ಜಾಗ ಕೊಟ್ಟಿತು. ಅದೇ ಮೊದಲ ಬ್ಯಾಚಿಗೆ 2020ರಲ್ಲಿ ಕೋವಿಡ್ ಬಂತು. ಪಾಠ ಮೊಬೈಲಿಗೆ ಇಳಿಯಿತು.

ಕಾರಣಗಳು ಇನ್ನೂ ಇವೆ. ನರ್ಸಿಂಗ್ ಮಕ್ಕಳಿಗೆ ನೈಟ್ ಡ್ಯೂಟಿಯ ನಿದ್ದೆಗೇಡು. ಒಂದು ಹಾಸಿಗೆಯ ಸುತ್ತ ಹತ್ತಾರು ಜನ ನಿಂತರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಸರಿಯಾಗಿ ಕಲಿಸುವವರಿಗೆ ಒಪಿಡಿಯ (ಹೊರರೋಗಿ ವಿಭಾಗದ) ಕೆಲಸವೂ ಇದೆ. ಪಿಜಿ ನೀಟ್‌ನ (ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ) ಚಿಂತೆ ಹತ್ತಿದ ಮೇಲೆ ವಾರ್ಡಿಗಿಂತ ಪ್ರಶ್ನೆಪತ್ರಿಕೆಯೇ ಹತ್ತಿರವಾಗುತ್ತದೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮಾತು. ಇಲ್ಲಿ ಒಂದೇ ವಾರ್ಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಕೇಳಿಸುತ್ತದೆ. ಇಲ್ಲಿನ ಭಾಷೆ ಬಾರದವನನ್ನು ದಡ್ಡ ಎನ್ನುವುದು ತಪ್ಪು. ಭಾಷೆಯ ತರಗತಿ ಕಾಲೇಜಿಗೆ ಸೇರಿದ ಹೊಸತರಲ್ಲಿ ನಡೆಯುತ್ತದೆ, ವಾರ್ಡಿನ ಪೋಸ್ಟಿಂಗ್ ಶುರುವಾಗುವುದು ಎರಡನೇ ವರ್ಷ. ಅಷ್ಟರಲ್ಲಿ ಕಲಿತ ನಾಲ್ಕು ಮಾತೂ ಮರೆತಿರುತ್ತದೆ, ಅಲ್ವಾ? ಪೋಸ್ಟಿಂಗ್ ಶುರುವಾಗುವ ವಾರವೇ ಆ ತರಗತಿ ಇಡಿ. ಕಲಿಸಲು ವಾರ್ಡಿನ ಸಿಸ್ಟರ್‌ಗಳನ್ನೇ ಕರೆಯಿರಿ.